ಮಹಿಳೆ ಅನ್ನೋ ಕಾರಣಕ್ಕೆ ಕೇಸ್ ಬಿಡಿ ಅಂದ್ರು, ಜಡ್ಜ್ ಬಿಡಲಿಲ್ಲ: ಯಾರು ಈ ಕಾನ್‌ಸ್ಟನ್ಸ್ ಬೇಕರ್ ಮಾಟ್ಲಿ?

1975ರಲ್ಲಿ ನ್ಯೂಯಾರ್ಕ್‌ನ ಫೆಡರಲ್ ಕೋರ್ಟ್‌ಗೆ ಒಂದು ಕೇಸ್ ಬಂತು. ದೊಡ್ಡ ವಕೀಲರ ಸಂಸ್ಥೆಯೊಂದು ಕೆಲಸ ಕೊಡುವಾಗ ಹೆಣ್ಣು, ಗಂಡು ಅಂತ ಭೇದ ಮಾಡ್ತಿದೆ ಅನ್ನೋದು ದೂರು. ಕೇಸ್ ಬಂದಿದ್ದು ಕಾನ್‌ಸ್ಟನ್ಸ್ ಬೇಕರ್ ಮಾಟ್ಲಿ ಅನ್ನೋ ಜಡ್ಜ್ ಮುಂದೆ. ಆಗ ಸಂಸ್ಥೆಯ ಪರ ವಕೀಲರು ಒಂದು ಮನವಿ ಹಾಕಿದ್ರು. ನೀವೂ ಹೆಂಗಸು, ಅದರಲ್ಲೂ ಕಪ್ಪು ಜನಾಂಗದವರು, ಇಂಥ ತಾರತಮ್ಯದ ವಿರುದ್ಧವೇ ವಕೀಲಿಕೆ ಮಾಡಿದವರು, ಹಾಗಾಗಿ ಈ ಕೇಸ್‌ನಿಂದ ಹಿಂದೆ ಸರಿಯಿರಿ ಅನ್ನೋದು ಅದರ ಸಾರ.

ಮಾಟ್ಲಿ ಸರಿಯಲಿಲ್ಲ. ಅವರು ಕೊಟ್ಟ ಉತ್ತರ ಇವತ್ತಿಗೂ ಕಾನೂನು ಓದುವವರಿಗೆ ಪಾಠ. ಅದೇನು ಅಂತ ತಿಳಿಯೋ ಮೊದಲು ಅವರು ಆ ಕುರ್ಚಿಗೆ ಬಂದ ದಾರಿ ನೋಡೋಣ.

ಫೀಸ್‌ಗೆ ದುಡ್ಡಿರಲಿಲ್ಲ

ಮಾಟ್ಲಿ ಹುಟ್ಟಿದ್ದು 1921ರ ಸೆಪ್ಟೆಂಬರ್ 14ರಂದು, ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್‌ನಲ್ಲಿ. ಅಪ್ಪ ಅಮ್ಮ ಕೆರಿಬಿಯನ್‌ನ ನೆವಿಸ್ ದ್ವೀಪದಿಂದ ಬಂದವರು. 12 ಮಕ್ಕಳಲ್ಲಿ ಇವರು 9ನೆಯವರು. ಅಪ್ಪ ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಕ್ಲಬ್‌ಗಳಲ್ಲಿ ಅಡುಗೆ ಮಾಡ್ತಿದ್ರು. ಹೈಸ್ಕೂಲ್ ಮುಗಿದರೂ ಕಾಲೇಜಿಗೆ ಕಳಿಸೋ ಶಕ್ತಿ ಮನೆಯಲ್ಲಿ ಇರಲಿಲ್ಲ.

ಒಂದು ದಿನ ಊರಿನ ಸಮುದಾಯ ಭವನದ ಸಭೆಯಲ್ಲಿ ಈ ಹುಡುಗಿ ಎದ್ದು ಮಾತಾಡಿದಳು. ಭವನಕ್ಕೆ ದುಡ್ಡು ಕೊಟ್ಟಿದ್ದ ಬಿಳಿಯ ಉದ್ಯಮಿ ಕ್ಲಾರೆನ್ಸ್ ಬ್ಲೇಕ್ಸ್‌ಲಿ ಅಲ್ಲೇ ಇದ್ರು. ಮಾತು ಕೇಳಿ ಮೆಚ್ಚಿ, ಓದಿನ ಖರ್ಚು ತಾವೇ ನೋಡಿಕೊಂಡ್ರು. ಡಿಗ್ರಿ ಅರ್ಧಕ್ಕೆ ಬಿಟ್ಟ ನನಗೆ ಈ ಕಥೆಯಲ್ಲಿ ಮೊದಲು ತಟ್ಟಿದ್ದು ಇದೇ. ಅವತ್ತು ಆ ಸಭೆಗೆ ಅವರು ಹೋಗದೇ ಇದ್ದಿದ್ರೆ?

1943ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದಿಂದ ಡಿಗ್ರಿ, 1946ರಲ್ಲಿ ಕೊಲಂಬಿಯಾದಿಂದ ಕಾನೂನು ಪದವಿ ಸಿಕ್ತು.

ವಕೀಲೆಯಾಗಿ 20 ವರ್ಷ

ಇನ್ನೂ ಓದುತ್ತಿದ್ದಾಗಲೇ ಕಪ್ಪು ಜನರ ಹಕ್ಕಿಗಾಗಿ ಕೋರ್ಟ್‌ನಲ್ಲಿ ಹೋರಾಡುತ್ತಿದ್ದ ಎನ್‌ಎಎಸಿಪಿ ಕಾನೂನು ನಿಧಿ ಸೇರಿದ್ರು. ಅಲ್ಲಿ ಹಿರಿಯರಾಗಿದ್ದವರು ಥರ್ಗುಡ್ ಮಾರ್ಷಲ್. ಶಾಲೆಗಳಲ್ಲಿ ಬಿಳಿಯರು, ಕರಿಯರು ಅಂತ ಬೇರೆ ಬೇರೆ ಕೂರಿಸೋದನ್ನ ತಪ್ಪು ಅಂದ 1954ರ ಬ್ರೌನ್ ತೀರ್ಪಿಗಾಗಿ ಕೆಲಸ ಮಾಡಿದ ವಕೀಲರ ತಂಡದಲ್ಲಿ ಮಾಟ್ಲಿ ಕೂಡ ಇದ್ರು.

1962ರಲ್ಲಿ ಜೇಮ್ಸ್ ಮೆರೆಡಿತ್ ಅನ್ನೋ ಕಪ್ಪು ಯುವಕ ಮಿಸಿಸಿಪ್ಪಿ ವಿಶ್ವವಿದ್ಯಾಲಯಕ್ಕೆ ಸೇರಿದ. ಅವನ ಕೇಸ್ ನಡೆಸಿದ್ದು ಮಾಟ್ಲಿ. ಸೇರುವ ಹಿಂದಿನ ರಾತ್ರಿ ಗಲಭೆಯಾಗಿ ಇಬ್ಬರು ಸತ್ತರು, ಸೈನ್ಯ ಬರಬೇಕಾಯ್ತು. ಈ ಹೋರಾಟದಲ್ಲಿ ಜೊತೆಗಿದ್ದ ಮೆಡ್ಗರ್ ಎವರ್ಸ್ ಅವರನ್ನ ಮರುವರ್ಷ ಅವರ ಮನೆ ಮುಂದೆಯೇ ಗುಂಡಿಟ್ಟು ಕೊಂದ್ರು. ಅಂಥ ಊರುಗಳಿಗೆ ಹೋಗಿ ಮಾಟ್ಲಿ ವಾದ ಮಾಡ್ತಿದ್ರು.

ಅಮೆರಿಕದ ಸುಪ್ರೀಂ ಕೋರ್ಟ್‌ನಲ್ಲಿ ವಾದಿಸಿದ ಮೊದಲ ಕಪ್ಪು ಮಹಿಳೆ ಅವರೇ. ಅಲ್ಲಿ ವಾದಿಸಿದ 10 ಕೇಸ್‌ಗಳಲ್ಲಿ 9 ಗೆದ್ದರು.

ಫೆಡರಲ್ ಜಡ್ಜ್ ಅಂದ್ರೆ ಯಾರು?

ನಮ್ಮಲ್ಲಿ ತಾಲೂಕು ಕೋರ್ಟ್‌ನಿಂದ ಸುಪ್ರೀಂ ಕೋರ್ಟ್‌ವರೆಗೆ ಒಂದೇ ಏಣಿ. ಅಮೆರಿಕದಲ್ಲಿ ಎರಡು ಏಣಿ. ರಾಜ್ಯದ ಕಾನೂನಿಗೆ ರಾಜ್ಯದ ಕೋರ್ಟ್‌ಗಳು, ದೇಶದ ಕಾನೂನು ಮತ್ತು ಸಂವಿಧಾನದ ವಿಷಯಕ್ಕೆ ಮುಖ್ಯವಾಗಿ ಫೆಡರಲ್ ಕೋರ್ಟ್‌ಗಳು. ಫೆಡರಲ್ ಏಣಿಯಲ್ಲಿ ಜಿಲ್ಲಾ ಕೋರ್ಟ್, ಅದರ ಮೇಲೆ ಮೇಲ್ಮನವಿ ಕೋರ್ಟ್, ತುದಿಯಲ್ಲಿ ಸುಪ್ರೀಂ ಕೋರ್ಟ್.

ಈ ಜಡ್ಜ್‌ಗಳ ಹೆಸರು ಸೂಚಿಸೋದು ಅಧ್ಯಕ್ಷರು, ಒಪ್ಪೋದು ಸೆನೆಟ್. ನಮ್ಮ ಹೈಕೋರ್ಟ್ ಜಡ್ಜ್ 62ಕ್ಕೆ, ಸುಪ್ರೀಂ ಕೋರ್ಟ್ ಜಡ್ಜ್ 65ಕ್ಕೆ ನಿವೃತ್ತಿ. ಅಲ್ಲಿ ವಯಸ್ಸಿನ ಮಿತಿ ಇಲ್ಲ, ಜೀವನಪೂರ್ತಿ ಹುದ್ದೆ. ಸಂಬಳ ಇಳಿಸೋ ಹಾಗಿಲ್ಲ, ಮಹಾಭಿಯೋಗ ಮಾಡದೆ ತೆಗೆಯೋ ಹಾಗೂ ಇಲ್ಲ. ಯಾರಿಗೂ ಹೆದರದೆ ತೀರ್ಪು ಕೊಡಲಿ ಅನ್ನೋದೇ ಇದರ ಉದ್ದೇಶ.

1966ರ ಜನವರಿಯಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಮಾಟ್ಲಿ ಹೆಸರು ಕಳಿಸಿದ್ರು. ಸೆನೆಟ್‌ನ ನ್ಯಾಯಾಂಗ ಸಮಿತಿ ಅಧ್ಯಕ್ಷರಾಗಿದ್ದವರು ಮಿಸಿಸಿಪ್ಪಿಯ ಜೇಮ್ಸ್ ಈಸ್ಟ್‌ಲ್ಯಾಂಡ್. ಅವರು ವಿರೋಧಿಸಿದ್ರು. ಹೆಸರು 7 ತಿಂಗಳು ನೆನೆಗುದಿಗೆ ಬಿತ್ತು. ಆಗಸ್ಟ್ 30ಕ್ಕೆ ಒಪ್ಪಿಗೆ ಸಿಕ್ಕಾಗ ಮಾಟ್ಲಿ ದೇಶದ ಮೊದಲ ಕಪ್ಪು ಮಹಿಳಾ ಫೆಡರಲ್ ಜಡ್ಜ್ ಆದ್ರು.

ಹಾಗಾದ್ರೆ ಉತ್ತರ ಏನು?

1975ರ ಆ ಮನವಿಗೆ ಮಾಟ್ಲಿ ಬರೆದಿದ್ದು ಸರಳ ಲೆಕ್ಕ. ಜಡ್ಜ್‌ನ ಹಿನ್ನೆಲೆ, ಜನಾಂಗ, ಲಿಂಗ ಇಷ್ಟೇ ಸಾಕು ಅಂದ್ರೆ ಈ ಕೋರ್ಟ್‌ನ ಯಾವ ಜಡ್ಜ್ ಕೂಡ ಈ ಕೇಸ್ ನಡೆಸೋಕಾಗಲ್ಲ. ಯಾಕಂದ್ರೆ ಎಲ್ಲರಿಗೂ ಒಂದು ಲಿಂಗ ಇದ್ದೇ ಇದೆ. ಎಲ್ಲರೂ ಹಿಂದೆ ಯಾರೋ ಒಬ್ಬರ ಪರ ವಕೀಲಿಕೆ ಮಾಡಿದವರೇ.

ಯೋಚಿಸಿ ನೋಡಿ. ಗಂಡಸರೇ ತುಂಬಿದ್ದ ಸಂಸ್ಥೆಯ ಮೇಲಿನ ದೂರನ್ನ ಗಂಡಸು ಜಡ್ಜ್ ಕೇಳಿದ್ರೆ ಯಾರಿಗೂ ಅನುಮಾನ ಬರಲ್ಲ. ಹೆಂಗಸು ಕೇಳಿದ್ರೆ ಮಾತ್ರ ಪಕ್ಷಪಾತ! ಮಾಟ್ಲಿ ಕೈಯಿಟ್ಟಿದ್ದು ಈ ಗಂಟಿಗೇ. ಮೇಲಿನ ಕೋರ್ಟ್ ಕೂಡ ಅವರನ್ನ ಕೇಸ್‌ನಿಂದ ತೆಗೆಯಲಿಲ್ಲ. 1977ರಲ್ಲಿ ಆ ಕೇಸ್ ರಾಜಿಯಲ್ಲಿ ಮುಗೀತು.

ವರದಿಗಾರ್ತಿಗೆ ತೆರೆದ ಬಾಗಿಲು

1977ರಲ್ಲಿ ಬೇಸ್‌ಬಾಲ್ ವರ್ಲ್ಡ್ ಸೀರೀಸ್ ನಡೆಯುವಾಗ ವರದಿಗಾರ್ತಿ ಮೆಲಿಸ್ಸಾ ಲಡ್‌ಕಿ ಅವರನ್ನ ಆಟಗಾರರ ಡ್ರೆಸ್ಸಿಂಗ್ ರೂಮಿಗೆ ಬಿಡಲಿಲ್ಲ. ಗಂಡಸು ವರದಿಗಾರರು ಒಳಗೆ ಹೋಗಿ ಬಿಸಿಬಿಸಿ ಹೇಳಿಕೆ ತಗೊಳ್ತಿದ್ರೆ ಇವರು ಹೊರಗೆ ನಿಂತು ಕಾಯಬೇಕಿತ್ತು. ಸ್ಪಾಟ್‌ಗೆ ಹೋಗಿ ಸುದ್ದಿ ಮಾಡೋರಿಗೆ ಇದರ ಕಷ್ಟ ಗೊತ್ತಿರುತ್ತೆ.

1978ರ ಸೆಪ್ಟೆಂಬರ್‌ನಲ್ಲಿ ಮಾಟ್ಲಿ ತೀರ್ಪು ಕೊಟ್ಟರು. ಯಾಂಕೀ ಸ್ಟೇಡಿಯಂ ನಗರಾಡಳಿತದ ಆಸ್ತಿ, ಹಾಗಾಗಿ ಸಂವಿಧಾನದ ಸಮಾನತೆ ಅಲ್ಲಿಗೂ ಅನ್ವಯ. ಆಟಗಾರರ ಮಾನ ಕಾಪಾಡೋಕೆ ಪರದೆ, ಟವೆಲ್ ಸಾಕು, ಹೆಣ್ಣುಮಕ್ಕಳನ್ನ ಹೊರಗಿಡಬೇಕಿಲ್ಲ ಅಂದ್ರು.

ಅವರ ಎಲ್ಲಾ ತೀರ್ಪೂ ಹಾಗೇ ಉಳಿಯಲಿಲ್ಲ. ಮಾರ್ಟಿನ್ ಸೋಸ್ಟ್ರೆ ಅನ್ನೋ ಕೈದಿಯನ್ನ ವರ್ಷಕ್ಕೂ ಹೆಚ್ಚು ಕಾಲ ಒಂಟಿ ಸೆರೆಯಲ್ಲಿಟ್ಟಿದ್ದು ಅಮಾನವೀಯ ಅಂತ 1970ರಲ್ಲಿ ತೀರ್ಪು ಕೊಟ್ಟಿದ್ರು. ಮೇಲಿನ ಕೋರ್ಟ್ ಅದರ ಒಂದು ಭಾಗವನ್ನ ತಳ್ಳಿಹಾಕ್ತು.

1982ರಲ್ಲಿ ಅದೇ ಕೋರ್ಟ್‌ನ ಮುಖ್ಯ ಜಡ್ಜ್ ಆದ ಮಾಟ್ಲಿ 2005ರ ಸೆಪ್ಟೆಂಬರ್ 28ರಂದು, 84ನೇ ವಯಸ್ಸಿನಲ್ಲಿ ತೀರಿಕೊಂಡ್ರು. 2022ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್‌ಗೆ ಮೊದಲ ಕಪ್ಪು ಮಹಿಳೆಯಾಗಿ ಆಯ್ಕೆಯಾದ ಕೆಟಾಂಜಿ ಬ್ರೌನ್ ಜಾಕ್ಸನ್ ಅವರು ಹೆಸರು ಘೋಷಣೆಯಾದ ದಿನವೇ ಮಾಟ್ಲಿಯವರನ್ನ ನೆನೆದ್ರು. ಇಬ್ಬರೂ ಹುಟ್ಟಿದ್ದು ಸೆಪ್ಟೆಂಬರ್ 14ರಂದೇ, 49 ವರ್ಷದ ಅಂತರದಲ್ಲಿ.

ಜಡ್ಜ್ ಹಿಂದೆ ಸರಿಯಬೇಕು ಅಂತ ಕೇಳೋದು ತಪ್ಪಲ್ಲ. ಕೇಸ್‌ನಲ್ಲಿ ಅವರ ದುಡ್ಡು ಇದ್ರೆ, ನೆಂಟರಿದ್ರೆ ಕೇಳಲೇಬೇಕು. ಹುಟ್ಟನ್ನೇ ಕಾರಣ ಮಾಡಿ ಕೇಳೋರಿಗೆ ಮಾಟ್ಲಿ ಲೆಕ್ಕ ಈಗಲೂ ಎದುರಿಗಿದೆ.