ಗರಿಯ ನೊಣಕ್ಕೆ ದಾರದ ತೂಕ

ಮಕ್ಕಳೇ, ಒಂದು ಹಕ್ಕಿಗರಿಯನ್ನು ಜೋರಾಗಿ ಎಸೆದು ನೋಡಿ. ದೂರ ಹೋಗೋದೇ ಇಲ್ಲ, ಅಲ್ವಾ?

ನಮ್ಮ ತೇನಿ ಜಿಲ್ಲೆಯ ಬೋಡಿನಾಯಕನೂರಿನಿಂದ ಘಟ್ಟ ಹತ್ತಿದರೆ ಕೇರಳದ ಮುನ್ನಾರು. ಅಲ್ಲಿಯ ತಣ್ಣನೆಯ ತೊರೆಗಳಿಗೆ ಬ್ರಿಟಿಷರು ಟ್ರೌಟ್ ಮೀನು ತಂದು ಬಿಟ್ಟರು. ಅದನ್ನು ಹಿಡಿಯಲು ಕೊಕ್ಕೆಗೆ ಗರಿ ಸುತ್ತಿದ ಹುಸಿನೊಣ ಬೇಕು. ಇಷ್ಟು ಹಗುರದ ನೊಣವನ್ನು ದೂರ ಒಯ್ಯುವುದು ದಾರದ ತೂಕ!

ಬೀಸಿದಾಗ ಫೈಬರ್‌ಗ್ಲಾಸ್ ಕೋಲು ಬಾಗಿ ಶಕ್ತಿ ಕೂಡಿಡುತ್ತದೆ. ನೆಟ್ಟಗಾಗುವಾಗ ಅದನ್ನು ದಾರಕ್ಕೆ ಕೊಡುತ್ತದೆ. ದಾರ ತೀರಾ ಹಗುರವಾದರೆ ಕೋಲು ಸಾಕಷ್ಟು ಬಾಗದು. ತೀರಾ ಭಾರವಾದರೆ ಬಾಗಿದ್ದು ಬೇಗ ಏಳದು. ಅದಕ್ಕೇ ಎರಡಕ್ಕೂ ಒಂದೇ ನಂಬರು. 5ನೇ ನಂಬರಿನ ದಾರದ ಮೊದಲ 30 ಅಡಿ ಸುಮಾರು 9 ಗ್ರಾಂ, 6ನೇದು ಸುಮಾರು 10.4 ಗ್ರಾಂ.

ಬಿದಿರುಸೀಳಿಗೆ ಸಣ್ಣ, ದಪ್ಪ ಹುರಿ ಕಟ್ಟಿ, ಕೊಕ್ಕೆಯಿಲ್ಲದೆ ಬಯಲಲ್ಲಿ ಬೀಸಿ. ಯಾವುದು ದೂರ ಹೋಯ್ತು? ಅಳೆದು ಬರೆದಿಡಿ.