ಮನೆಯ ಹಾಸಿಗೆಗೆ ದೂರವಾಣಿಯ ವೈದ್ಯ

ಕ್ಯಾನ್ಸರ್ ಗುಣವಾಗದ ಹಂತಕ್ಕೆ ತಲುಪಿದ ಮಾತ್ರಕ್ಕೆ ವೈದ್ಯರ ಕೆಲಸ ಮುಗಿಯಿತೆಂದಲ್ಲ. ಆಯುರ್ವೇದವು ಅಸಾಧ್ಯ ವ್ಯಾಧಿಗಳಲ್ಲಿಯೂ ಚಿಕಿತ್ಸೆಯಿಂದ ಹಿಡಿದಿಡಬಹುದಾದವುಗಳನ್ನು ‘ಯಾಪ್ಯ’ವೆಂದು ಬೇರೆಯಾಗಿ ಹೇಳಿದೆ. ನೋವು, ವಾಂತಿ, ಉಸಿರಾಟದ ಕಷ್ಟಗಳನ್ನು ತಗ್ಗಿಸಿ ರೋಗಿಯನ್ನು ನೆಮ್ಮದಿಯಲ್ಲಿರಿಸುವ ಉಪಶಮನ ಆರೈಕೆಗೆ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಪ್ರತ್ಯೇಕ ವಿಭಾಗವೇ ಇದೆ.

ಆದರೆ ಘಟ್ಟದ ತಪ್ಪಲಿನ ಅಜೆಕಾರಿನಿಂದ, ಸುರಿಯುವ ಆಷಾಢದ ಮಳೆಯಲ್ಲಿ, ಹಾಸಿಗೆ ಹಿಡಿದವರನ್ನು ಮೇಲಿಂದ ಮೇಲೆ ಮಣಿಪಾಲಕ್ಕೆ ಒಯ್ಯುವುದು ರೋಗಿಗೆ ಇನ್ನೊಂದು ನೋವು. ದೂರವೈದ್ಯದ ಪ್ರಯೋಜನವಿರುವುದು ಇಲ್ಲಿಯೇ. ಕೇಂದ್ರ ಸರ್ಕಾರವು 2020ರ ಮಾರ್ಚ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯು ವಿಡಿಯೊ, ಧ್ವನಿಕರೆ, ಬರಹದ ಸಂದೇಶ ಮೂರಕ್ಕೂ ಮಾನ್ಯತೆ ನೀಡಿದೆ. ಗಾಳಿಮಳೆಗೆ ನೆಟ್‌ವರ್ಕ್ ದುರ್ಬಲವಾದಾಗ ವಿಡಿಯೊಗಾಗಿ ಕಾಯಬೇಕಿಲ್ಲ. ಸಾದಾ ಕರೆಯಲ್ಲಿಯೂ ಬಹಳಷ್ಟು ತೀರ್ಮಾನವಾಗುತ್ತದೆ.

ಒಂದು ಮಿತಿಯನ್ನು ಮಾತ್ರ ಭಕ್ತಾದಿಗಳು ಮೊದಲೇ ಅರಿತಿರಬೇಕು. ತೀವ್ರ ನೋವಿಗೆ ನೀಡುವ ಮಾರ್ಫಿನ್ ಮಾದಕ ವಸ್ತುಗಳ ಕಾಯಿದೆಗೆ ಒಳಪಟ್ಟಿರುವುದರಿಂದ, ಅದೇ ಮಾರ್ಗಸೂಚಿಯಂತೆ ದೂರವಾಣಿಯಲ್ಲಿ ಬರೆದುಕೊಡುವಂತಿಲ್ಲ. ಆದ್ದರಿಂದ ರೋಗಿಯು ವಾಹನದಲ್ಲಿ ಕುಳಿತುಕೊಳ್ಳಲು ಶಕ್ತರಾಗಿರುವಾಗಲೇ ಉಪಶಮನ ವೈದ್ಯರನ್ನು ಮುಖತಃ ಕಂಡು, ಮುಂದಿನ ದಿನಗಳಲ್ಲಿ ಯಾರಿಗೆ, ಯಾವ ಹೊತ್ತಿಗೆ ಕರೆ ಮಾಡಬೇಕು, ಮಾತ್ರೆ ಮುಗಿಯುವ ಮೊದಲು ಯಾರು ಬರಬೇಕು ಎಂಬುದನ್ನು ಕೇಳಿಕೊಂಡು ಬನ್ನಿ. ಇದನ್ನು ಕೊನೆಯ ವಾರಕ್ಕೆ ದೂಡುವವರೇ ಹೆಚ್ಚು. ಮಾರ್ಫಿನ್ ಎಂದೊಡನೆ ಚಟದ ಭಯ ಹುಟ್ಟುತ್ತದೆ. ವೈದ್ಯರು ಹೇಳಿದ ಪ್ರಮಾಣದಲ್ಲಿ ನೋವಿಗೆಂದು ಸೇವಿಸುವವರಲ್ಲಿ ಆ ಭಯಕ್ಕೆ ಅಷ್ಟು ಆಧಾರವಿಲ್ಲ. ಮಲಬದ್ಧತೆಯಾದರೋ ಬಹುತೇಕ ಖಚಿತ. ಜೊತೆಗೆ ಬರೆದುಕೊಟ್ಟ ವಿರೇಚಕವನ್ನು ಬಿಡಕೂಡದು.

ಕರೆ ಬಂದಾಗ ಮಗನೋ ಸೊಸೆಯೋ ಉತ್ತರಿಸುವುದು ರೂಢಿ. ಫೋನನ್ನು ರೋಗಿಯ ಕೈಗೆ ಕೊಡಿ; ಸಾಧ್ಯವಾದರೆ ಐದು ನಿಮಿಷ ಹೊರಗಿರಿ. ಮನೆಯವರು ನೊಂದಾರೆಂದು ಹಿರಿಯರು ನೋವನ್ನು ನುಂಗಿಕೊಳ್ಳುತ್ತಾರೆ. ನಮ್ಮ ವೃತ್ತಿಜೀವನದಲ್ಲಿ ಇದನ್ನು ಎಷ್ಟೋ ಬಾರಿ ಕಂಡಿದ್ದೇವೆ. ಸೊನ್ನೆಯಿಂದ ಹತ್ತರವರೆಗಿನ ಅಳತೆಯಲ್ಲಿ ನೋವೆಷ್ಟು, ರಾತ್ರಿ ನಿದ್ರೆ ಬಂದಿತೇ, ಮಲವಿಸರ್ಜನೆಯಾಗಿ ಎಷ್ಟು ದಿನವಾಯಿತು ಎಂಬುದನ್ನು ಮನೆಯವರು ಒಂದು ಪುಸ್ತಕದಲ್ಲಿ ಬರೆದಿಟ್ಟಿರಲಿ. ನೋವು ಸಹಿಸುವುದೇ ಭಕ್ತಿಯೆಂದು ನಾವು ನಂಬುವುದಿಲ್ಲ. ನರಳುವವರ ದೃಷ್ಟಿ ಇಷ್ಟಲಿಂಗದಲ್ಲಿ ನೆಲೆಗೊಳ್ಳುವುದು ಕಷ್ಟ; ನೋವು ತಗ್ಗಿದರೆ ದಿಂಬಿಗೊರಗಿಯೇ ಪೂಜೆ ನಡೆಸಬಹುದು.

ಆಯುರ್ವೇದ ವೈದ್ಯರಾಗಿಯೇ ಇನ್ನೊಂದು ಮಾತು: ಯಾರೋ ಹೇಳಿದರೆಂದು ಭಸ್ಮ, ಕಷಾಯಗಳನ್ನು ಗುಟ್ಟಾಗಿ ಕೊಡಬೇಡಿ. ಏನು ಕೊಟ್ಟರೂ ಕರೆಯಲ್ಲಿ ಹೇಳಿ. ತೀರಾ ಮಂಪರು, ನಿಧಾನವಾದ ಉಸಿರು, ರಕ್ತಸ್ರಾವ ಅಥವಾ ಕಾಲುಗಳ ಶಕ್ತಿ ಹಠಾತ್ತನೆ ಕುಂದಿದುದು ಕಂಡರೆ ನಿಗದಿತ ಕರೆಗಾಗಿ ಕಾಯದೆ 108ಕ್ಕೆ ಕರೆ ಮಾಡಿ.