ಮುದಿ ಬೆಕ್ಕು ಸೊರಗಿದರೆ ವಯಸ್ಸನ್ನು ದೂರಬೇಡಿ

ಸಾಕಿದ ಬೆಕ್ಕಿಗೆ ಹತ್ತು-ಹನ್ನೆರಡು ವರ್ಷವಾಯಿತೆಂದರೆ ಅದು ಮನೆಯ ಹಿರಿಯರ ಸಾಲಿಗೆ ಸೇರಿತೆಂದೇ ಅರ್ಥ. ಹದಿನೈದು ವರ್ಷದ ಬೆಕ್ಕು ಮನುಷ್ಯರ ಲೆಕ್ಕದಲ್ಲಿ ಎಪ್ಪತ್ತೈದು ದಾಟಿದ ಅಜ್ಜಿಗೆ ಸಮ. ಇಲಿಯ ಹಿಂದೆ ಓಡುವ ಉಮೇದು ಇಳಿದು, ಜಗಲಿಯ ಬಿಸಿಲು ಮತ್ತು ಅಡುಗೆಮನೆಯ ಬೆಚ್ಚಗಿನ ಮೂಲೆ ಇವಿಷ್ಟೇ ಅದರ ಪ್ರಪಂಚವಾಗಿರುತ್ತದೆ. ಈ ವಯಸ್ಸಿನಲ್ಲಿ ಬೆಕ್ಕು ಸೊರಗತೊಡಗಿದರೆ ಮನೆಯವರ ಬಾಯಲ್ಲಿ ಬರುವ ಮಾತು ಸಾಮಾನ್ಯವಾಗಿ ಒಂದೇ: ‘ಪಾಪ, ವಯಸ್ಸಾಯಿತಲ್ಲ!’

ಈ ಮಾತೇ ಎಷ್ಟೋ ಬೆಕ್ಕುಗಳ ಪಾಲಿಗೆ ಮುಳುವಾಗುತ್ತದೆ. ವಯಸ್ಸಾದಂತೆ ಬೆಕ್ಕಿನ ಜೀರ್ಣಶಕ್ತಿ ಕುಗ್ಗುವುದು, ಮಾಂಸಖಂಡ ಸ್ವಲ್ಪ ಕರಗುವುದು ನಿಜ. ಆದರೆ ಎದ್ದು ಕಾಣುವಷ್ಟು ತೂಕ ಇಳಿಯಿತೆಂದರೆ ಅದರ ಹಿಂದೆ ಬಹುಮಟ್ಟಿಗೆ ಒಂದು ಕಾಯಿಲೆ ಇರುತ್ತದೆ. ಮುಪ್ಪಿಗೆ ಮದ್ದಿಲ್ಲ; ಕಾಯಿಲೆಗೆ ಇದೆ. ಎರಡರ ವ್ಯತ್ಯಾಸ ತಿಳಿದರೆ ಮುದಿ ಬೆಕ್ಕು ಇನ್ನೂ ಕೆಲವು ವರ್ಷ ನೆಮ್ಮದಿಯಾಗಿ ಬದುಕಬಹುದು.

ಕಣ್ಣಿಗಿಂತ ತಕ್ಕಡಿ ಮೇಲು

ಬೆಕ್ಕು ತನ್ನ ನೋವನ್ನು ತೋರಿಸಿಕೊಳ್ಳುವ ಪ್ರಾಣಿಯಲ್ಲ. ಮೇಲಾಗಿ ಮೈತುಂಬಾ ಕೂದಲಿರುವುದರಿಂದ ಅದು ಸೊರಗಿದ್ದು ದಿನವೂ ನೋಡುವವರ ಕಣ್ಣಿಗೆ ಬೀಳುವುದೇ ಇಲ್ಲ. ಬೆನ್ನು ಸವರುವಾಗ ಮೂಳೆ ಕೈಗೆ ತಾಗಿದಾಗಲೇ ಗೊತ್ತಾಗುವುದು. ಅಷ್ಟರಲ್ಲಿ ತಿಂಗಳುಗಳೇ ಕಳೆದಿರುತ್ತವೆ.

ಇದಕ್ಕೆ ಸುಲಭದ ಉಪಾಯವಿದೆ. ಬೆಕ್ಕನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು ತೂಕ ನೋಡಿ, ಆಮೇಲೆ ನಿಮ್ಮ ತೂಕವನ್ನು ಕಳೆಯಿರಿ. ಎಳೆಮಕ್ಕಳನ್ನು ತೂಗುವ ಯಂತ್ರ ಸಿಕ್ಕರೆ ಇನ್ನೂ ಒಳ್ಳೆಯದು. ಹತ್ತು ವರ್ಷ ದಾಟಿದ ಬೆಕ್ಕನ್ನು ತಿಂಗಳಿಗೊಮ್ಮೆ ತೂಗಿ, ಕ್ಯಾಲೆಂಡರಿನ ಮೇಲೆ ಬರೆದಿಟ್ಟರೆ ಸಾಕು. ನಾಲ್ಕು ಕಿಲೋ ತೂಗುವ ಬೆಕ್ಕು 400 ಗ್ರಾಂ ಇಳಿಯಿತೆಂದರೆ, ಅರವತ್ತು ಕಿಲೋದ ಮನುಷ್ಯ ಆರು ಕಿಲೋ ಇಳಿದಂತೆ. ಮನೆಯ ಹಿರಿಯರೊಬ್ಬರು ಕಾರಣವಿಲ್ಲದೆ ಆರು ಕಿಲೋ ಇಳಿದರೆ ನಾವು ಸುಮ್ಮನಿರುತ್ತೇವೆಯೇ?

ತಿಂದರೂ ಸೊರಗುವ ಬೆಕ್ಕು

ತೂಕ ಇಳಿಯುತ್ತಿದೆ ಎಂದು ಖಚಿತವಾದ ಮೇಲೆ ಗಮನಿಸಬೇಕಾದ ಮೊದಲ ಸಂಗತಿ, ಅದು ತಿನ್ನುತ್ತಿದೆಯೋ ಇಲ್ಲವೋ ಎಂಬುದು.

ಹೊಟ್ಟೆಬಾಕನಂತೆ ತಿಂದೂ ಸೊರಗುವ ಬೆಕ್ಕುಗಳಿವೆ. ತಟ್ಟೆ ಖಾಲಿ ಮಾಡಿ ಮತ್ತೆ ಕೂಗುತ್ತವೆ, ರಾತ್ರಿಯೆಲ್ಲ ಚಡಪಡಿಸುತ್ತವೆ, ಆಗಾಗ ವಾಂತಿ ಮಾಡುತ್ತವೆ. ‘ಈ ವಯಸ್ಸಿನಲ್ಲೂ ಎಷ್ಟು ಚುರುಕು’ ಎಂದು ಮನೆಯವರು ಹಿಗ್ಗುತ್ತಾರೆ. ಇದು ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುತ್ತಿರುವ ಲಕ್ಷಣವಾಗಿರಬಹುದು. 1979ರಲ್ಲಿ ನ್ಯೂಯಾರ್ಕಿನ ಪಶುವೈದ್ಯ ಮಾರ್ಕ್ ಪೀಟರ್ಸನ್ ಇದನ್ನು ಬೆಕ್ಕಿನ ಕಾಯಿಲೆಯೆಂದು ಮೊದಲು ವಿವರಿಸಿದರು. ಇಂದು ಇದು ಮುದಿ ಬೆಕ್ಕುಗಳ ಸಾಮಾನ್ಯ ಕಾಯಿಲೆಗಳಲ್ಲೊಂದು. ರಕ್ತಪರೀಕ್ಷೆಯಿಂದ ಪತ್ತೆಯಾಗುತ್ತದೆ. ಮನುಷ್ಯರಿಗೆ ಕೊಡುವ ಕಾರ್ಬಿಮಝೋಲ್ ಮಾತ್ರೆಯನ್ನೇ ಬೆಕ್ಕಿಗೂ ಕೊಡುತ್ತಾರೆ. ಆದರೆ ಪ್ರಮಾಣವನ್ನು ಪಶುವೈದ್ಯರೇ ಹೇಳಬೇಕು. ಚಿಕಿತ್ಸೆ ಶುರುವಾದ ಕೆಲವು ವಾರಗಳ ನಂತರ ಮತ್ತೆ ರಕ್ತಪರೀಕ್ಷೆ ಮಾಡಿಸುವುದು ಅಗತ್ಯ. ಏಕೆಂದರೆ ಥೈರಾಯ್ಡ್‌ನ ಅಬ್ಬರ ಮೂತ್ರಪಿಂಡಕ್ಕೆ ಹೆಚ್ಚು ರಕ್ತ ಹರಿಸಿ ಅದರ ದೌರ್ಬಲ್ಯವನ್ನು ಮುಚ್ಚಿಟ್ಟಿರುತ್ತದೆ. ಅಬ್ಬರ ಇಳಿದಾಗ ಅದು ಹೊರಬೀಳುತ್ತದೆ.

ಸಿಹಿಮೂತ್ರ ರೋಗದಲ್ಲೂ ಬೆಕ್ಕು ಚೆನ್ನಾಗಿ ತಿಂದೇ ಸೊರಗಬಹುದು. ಜೊತೆಗೆ ಬಹಳ ನೀರು ಕುಡಿಯುತ್ತದೆ, ಹೆಚ್ಚು ಮೂತ್ರ ಮಾಡುತ್ತದೆ. ಕಾಯಿಲೆ ಬೇಗ ಪತ್ತೆಯಾಗಿ, ಇನ್ಸುಲಿನ್ ಹಾಗೂ ಸರಿಯಾದ ಆಹಾರ ದೊರೆತರೆ ಕೆಲವು ಬೆಕ್ಕುಗಳು ಮುಂದೆ ಇನ್ಸುಲಿನ್ ಇಲ್ಲದೆಯೂ ಇರಬಲ್ಲವು.

ತಿನ್ನದೆ ಸೊರಗುವ ಬೆಕ್ಕು

ತಟ್ಟೆಯ ಬಳಿ ಬಂದು, ಮೂಸಿ, ತಿನ್ನದೆ ಹಿಂದೆ ಸರಿಯುವ ಬೆಕ್ಕಿಗೆ ಹಸಿವಿಲ್ಲವೆಂದು ತೀರ್ಮಾನಿಸಬೇಡಿ. ಅದಕ್ಕೆ ಹಲ್ಲುನೋವು ಇರಬಹುದು. ತಲೆ ಓರೆ ಮಾಡಿ ಅಗಿಯುವುದು, ತುತ್ತು ಕೆಳಗೆ ಬೀಳಿಸುವುದು, ಜೊಲ್ಲು, ಬಾಯಿಯ ದುರ್ವಾಸನೆ ಇವು ಅದರ ಗುರುತುಗಳು. ಕೊಳೆತ ಹಲ್ಲು ಕಿತ್ತ ಮೇಲೆ ಅದೇ ಬೆಕ್ಕು ಮೊದಲಿನಂತೆ ತಿನ್ನತೊಡಗುವುದುಂಟು.

ಇನ್ನೊಂದು ದೊಡ್ಡ ಕಾರಣ ಮೂತ್ರಪಿಂಡದ ದೀರ್ಘಕಾಲದ ಕಾಯಿಲೆ. ಸುಮಾರು ಮೂರರಲ್ಲಿ ಎರಡು ಪಾಲು ಶಕ್ತಿ ಕುಂದುವವರೆಗೆ ಮೂತ್ರಪಿಂಡ ಹೇಗೋ ನಿಭಾಯಿಸುತ್ತದೆ. ಆಮೇಲೆ ಬೆಕ್ಕು ಹೆಚ್ಚು ನೀರು ಕುಡಿಯುತ್ತದೆ, ಹೆಚ್ಚು ಮೂತ್ರ ಮಾಡುತ್ತದೆ. ಬರಬರುತ್ತ ಊಟ ಬಿಡುತ್ತದೆ. ಹೋದ ಶಕ್ತಿ ಮರಳುವುದಿಲ್ಲವಾದರೂ ರಂಜಕ ಕಡಿಮೆಯಿರುವ ವಿಶೇಷ ಆಹಾರ, ವಾಂತಿ ತಡೆಯುವ ಔಷಧ, ಬೇಕಾದಾಗ ಚರ್ಮದ ಕೆಳಗೆ ಲವಣದ್ರವ ಇವುಗಳಿಂದ ಎಷ್ಟೋ ಬೆಕ್ಕುಗಳು ವರ್ಷಗಟ್ಟಲೆ ಬಾಳುತ್ತವೆ. ಈ ದ್ರವ ಕೊಡುವುದನ್ನು ವೈದ್ಯರಿಂದ ಕಲಿತು ಮನೆಯಲ್ಲೇ ಮಾಡುವವರಿದ್ದಾರೆ.

ಕರುಳಿನ ಉರಿಯೂತ, ಗಡ್ಡೆ, ಜಂತುಹುಳು ಇವೂ ಪಟ್ಟಿಯಲ್ಲಿವೆ. ಆದ್ದರಿಂದ ರಕ್ತ, ಮೂತ್ರ, ಮಲ ಮೂರರ ಪರೀಕ್ಷೆಯೂ ಬೇಕಾಗಬಹುದು. ಊರಿನ ಪಶು ಆಸ್ಪತ್ರೆಯಲ್ಲಿ ಸೌಲಭ್ಯ ಸಾಲದಿದ್ದರೆ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್, ಗದಗಗಳ ಪಶುವೈದ್ಯ ಕಾಲೇಜುಗಳಲ್ಲಿ ವಿಚಾರಿಸಬಹುದು. ಯಾವಾಗಿನಿಂದ ತೂಕ ಇಳಿದಿದೆ, ಎಷ್ಟು ತಿನ್ನುತ್ತದೆ, ಎಷ್ಟು ನೀರು ಕುಡಿಯುತ್ತದೆ ಎಂಬುದನ್ನು ಬರೆದುಕೊಂಡು ಹೋದರೆ ವೈದ್ಯರ ಅರ್ಧ ಕೆಲಸ ಮುಗಿದಂತೆ.

ಹಾಲು-ಅನ್ನ ಸಾಲದು

ನಮ್ಮ ಕಡೆ ಬೆಕ್ಕಿನ ಊಟವೆಂದರೆ ಹಾಲು-ಅನ್ನ, ಇಲ್ಲವೆ ಮೊಸರನ್ನ. ಪ್ರಾಯದ ಬೆಕ್ಕು ಇಲಿ, ಹಲ್ಲಿ, ಹಕ್ಕಿ ಹಿಡಿದು ಕೊರತೆ ತುಂಬಿಕೊಳ್ಳುತ್ತದೆ. ಬೇಟೆಯಾಡಲಾರದ ಮುದಿ ಬೆಕ್ಕಿಗೆ ಆ ದಾರಿಯೂ ಇಲ್ಲ. ಬೆಕ್ಕು ಅಪ್ಪಟ ಮಾಂಸಾಹಾರಿ. ಮಾಂಸ, ಮೀನುಗಳಲ್ಲಿರುವ ಟಾರಿನ್ ಎಂಬ ಪೋಷಕಾಂಶ ಸಾಲದಿದ್ದರೆ ಬೆಕ್ಕಿನ ಕಣ್ಣು ಕೆಡುತ್ತದೆ. ಹೃದಯವೂ ಸೋಲುತ್ತದೆ ಎಂಬುದನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 1987ರಲ್ಲಿ ತೋರಿಸಿಕೊಟ್ಟರು. ಮಾಂಸ ಮುಟ್ಟದ ಮನೆಗಳವರು ಅಂಗಡಿಯಲ್ಲಿ ಸಿಗುವ, ಬೆಕ್ಕಿಗೆಂದೇ ತಯಾರಿಸಿದ ಪೂರ್ಣ ಆಹಾರವನ್ನಾದರೂ ಕೊಡಬೇಕು. ಹಾಲಂತೂ ಬೆಳೆದ ಬೆಕ್ಕುಗಳಲ್ಲಿ ಹಲವಕ್ಕೆ ಜೀರ್ಣವಾಗದೆ ಭೇದಿಯಾಗುತ್ತದೆ.

ತಿನ್ನಿಸುವ ಬಗೆ

ಬೆಕ್ಕನ್ನು ಊಟಕ್ಕೆ ಎಳೆಯುವುದು ವಾಸನೆ. ಸಿಹಿಯ ರುಚಿ ಅದಕ್ಕೆ ತಿಳಿಯುವುದೇ ಇಲ್ಲ. ಆದ್ದರಿಂದ ಆಹಾರವನ್ನು ಉಗುರುಬೆಚ್ಚಗೆ ಮಾಡಿ, ಮೆತ್ತಗೆ ಕಲಸಿ, ಅಗಲವಾದ ತಟ್ಟೆಯಲ್ಲಿ ಸ್ವಲ್ಪಸ್ವಲ್ಪವಾಗಿ ದಿನಕ್ಕೆ ನಾಲ್ಕೈದು ಬಾರಿ ಇಡಿ. ಬೇಯಿಸಿದ ಕೋಳಿ, ಮುಳ್ಳು ತೆಗೆದ ಮೀನು ಒಗ್ಗುತ್ತವೆ. ಈರುಳ್ಳಿ, ಬೆಳ್ಳುಳ್ಳಿ ಮಾತ್ರ ಬೀಳಬಾರದು. ಅವು ಬೆಕ್ಕಿನ ರಕ್ತಕಣಗಳನ್ನು ಒಡೆಯುತ್ತವೆ. ಕೀಲುನೋವಿನ ಬೆಕ್ಕು ಎತ್ತರಕ್ಕೆ ಹಾರಲಾರದು. ತಟ್ಟೆ ನೆಲದ ಮೇಲೇ, ಅದು ಮಲಗುವ ಜಾಗದ ಹತ್ತಿರ ಇರಲಿ. ಮನೆಯಲ್ಲಿ ಬೇರೆ ಬೆಕ್ಕು-ನಾಯಿಗಳಿದ್ದರೆ ಮುದಿ ಬೆಕ್ಕಿಗೆ ಬೇರೆ ಕೋಣೆಯಲ್ಲಿ ಬಡಿಸಿ.

ಬೆಕ್ಕು ಒಂದಿಡೀ ದಿನ ಏನೂ ತಿನ್ನದಿದ್ದರೆ ಕಾಯಬೇಡಿ. ‘ಲಂಘನಂ ಪರಮೌಷಧಂ’ ಎಂಬ ಮಾತು ಬೆಕ್ಕಿಗೆ ಸಲ್ಲದು. ಎರಡು-ಮೂರು ದಿನ ಉಪವಾಸ ಬಿದ್ದರೆ, ಅದರಲ್ಲೂ ದಪ್ಪಗಿದ್ದ ಬೆಕ್ಕಾದರೆ, ಮೈಯ ಕೊಬ್ಬು ಪಿತ್ತಜನಕಾಂಗದಲ್ಲಿ ತುಂಬಿಕೊಂಡು ಪ್ರಾಣಕ್ಕೇ ಕುತ್ತಾಗಬಹುದು. ಹಾಗೆಂದು ಬಲವಂತವಾಗಿ ಬಾಯಿಗೆ ತುರುಕಿದರೆ ಆಹಾರ ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ. ಹಸಿವು ಹೆಚ್ಚಿಸುವ ಔಷಧಗಳಿವೆ. ಸೊರಗುವ ಬೆಕ್ಕಿನ ಕಿವಿಗೆ ಹಚ್ಚುವ ಅಂಥದೊಂದು ಮುಲಾಮಿಗೆ ಅಮೆರಿಕದಲ್ಲಿ 2018ರಲ್ಲಿ ಒಪ್ಪಿಗೆಯೂ ದೊರೆಯಿತು. ಯಾವುದು ಬೇಕೆಂಬುದನ್ನು ವೈದ್ಯರಿಗೆ ಬಿಡಿ. ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರೆಯನ್ನಂತೂ ಕೊಡಲೇಬೇಡಿ. ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು.

ಎಲ್ಲ ಮಾಡಿದರೂ ಕೆಲವು ಬೆಕ್ಕುಗಳು ಉಳಿಯುವುದಿಲ್ಲ. ಅಂಥ ಹೊತ್ತಿನಲ್ಲೂ ಕಾಯಿಲೆ ಯಾವುದೆಂದು ತಿಳಿದಿದ್ದರೆ ನೋವು ಕಡಿಮೆ ಮಾಡಲು ಸಾಧ್ಯ. ಯಾವುದನ್ನು ಮುಂದುವರಿಸಬೇಕು, ಯಾವುದನ್ನು ನಿಲ್ಲಿಸಬೇಕೆಂದು ವೈದ್ಯರೊಂದಿಗೆ ಕುಳಿತು ಮಾತಾಡಲು ಸಾಧ್ಯ. ಹದಿನೈದು ವರ್ಷ ಮನೆಯ ಇಲಿ ಕಾದು, ಮಕ್ಕಳ ಮಗ್ಗುಲಲ್ಲಿ ಮಲಗಿದ ಜೀವಕ್ಕೆ ‘ವಯಸ್ಸಾಯಿತು’ ಎಂಬ ಒಂದು ಮಾತಿಗಿಂತ ಹೆಚ್ಚಿನದು ಸಲ್ಲಬೇಕು. ತಿಂಗಳಿಗೊಮ್ಮೆ ಅದನ್ನು ಎತ್ತಿ ತೂಗುವುದಕ್ಕೆ ಬೇಕಾಗುವುದು ಎರಡೇ ನಿಮಿಷ.